ಟಾಕಿಗೆ ಇಳಿಯುವವನ ಕಿಸೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪಂಪಿನ ಕೋಣೆಯ ಉಕ್ಕಿನ ಪೆಟ್ಟಿಗೆಯೊಳಗೆ 'ಟಕ್' ಎಂದಿತು. ಹಲ್ಲಿ ಲೊಚಗುಟ್ಟಿದಷ್ಟೇ ಸಣ್ಣ ಸದ್ದು. ನನ್ನ ಕೈಯಲ್ಲಿ ಆಂಟೆನಾದ ತಂತಿ ಇತ್ತು. ನನ್ನ ತಲೆಯ ಮೇಲೆ, ಎತ್ತರದ ನೀರಿನ ಟಾಕಿಯೊಳಗೆ, ಒಬ್ಬ ಮನುಷ್ಯ ಬರಿಗಾಲಲ್ಲಿ ನಿಂತು ತಳ ತಿಕ್ಕುತ್ತಿದ್ದ. ಆ ಸದ್ದು ಬರಬಾರದಿತ್ತು.

ಮೊನ್ನೆ ಮಳೆ ಬಿಟ್ಟ ಮೇಲೆ ಕೇಶ್ವಾಪುರದ ನಮ್ಮ ಓಣಿಯಲ್ಲಿ ಗಟಾರದ ಎರಡೂ ಬದಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಹಾಲು ತರಲು ಹೊರಟವಳು ಮನೆಯ ಕಟ್ಟೆಯ ಮೇಲೆಯೇ ಕುಳಿತುಬಿಟ್ಟೆ. ಬೇರೆಯವರಿಗೆ ಅದು ಸ್ವಚ್ಛತೆಯ ವಾಸನೆ. ನನಗೆ ಅದು ಹೇಸಿಗೆ. ಆ ವಾಸನೆಯ ಬೆನ್ನಿಗೇ, "ಚಹಾ ತರಸ್ರಿ" ಎಂದು ಯಾರೋ ಹೇಳಿದ ದನಿಯೂ ಕಿವಿಗೆ ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆಯದು ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಆಗ ನಾನು ಹುಬ್ಬಳ್ಳಿಯಲ್ಲೇ ಇಂಜಿನಿಯರಿಂಗ್ ಮುಗಿಸಿ ಮೊದಲ ನೌಕರಿಗೆ ಸೇರಿದ್ದೆ. ಹಳ್ಳಿಗಳ ಕುಡಿಯುವ ನೀರಿನ ಟಾಕಿಗಳಿಗೆ ಮೋಡೆಮ್ ಕೂರಿಸುವ ಗುತ್ತಿಗೆ ಹಿಡಿದ ಒಂದು ಸಣ್ಣ ಕಂಪನಿ. ಕಚೇರಿ ನವನಗರದಲ್ಲಿ, ಒಂದು ಮನೆಯ ಮೇಲಿನ ಮಹಡಿಯಲ್ಲಿ. ಕೆಲಸವನ್ನು ವಿವರಿಸುವುದು ಸುಲಭ. ಟಾಕಿಯ ಬುಡದಲ್ಲಿರುವ ಪಂಪಿನ ಕೋಣೆಯಲ್ಲಿ ಉಕ್ಕಿನ ಪೆಟ್ಟಿಗೆ, ಅದರೊಳಗೆ ಸಿಮ್ ಹಾಕಿದ ಮೋಡೆಮ್. ಟಾಕಿಯ ಮೇಲೆ ನೀರಿನ ಮಟ್ಟ ನೋಡುವ ಸೆನ್ಸರ್. ಮಟ್ಟ ಇಳಿದರೆ ಪಂಪು ತಾನೇ ಶುರುವಾಗಬೇಕು, ತುಂಬಿದರೆ ತಾನೇ ನಿಲ್ಲಬೇಕು, ಕ್ಲೋರಿನ್ ಔಷಧಿ ತಾನೇ ನೀರಿಗೆ ಬೀಳಬೇಕು. ಟಾಕಿ ಪೂರ್ತಿ ಖಾಲಿಯಾಗಿದ್ದರೆ ನೀರು ಮೇಲೇರುವ ಮೊದಲೇ ಒಂದು ದೊಡ್ಡ ಪಾಲು ಔಷಧಿ ತಳಕ್ಕೆ ಸುರಿಯುವ ಹಾಗೆ ಹೊಂದಿಸಿದ್ದರು. ಇದನ್ನೆಲ್ಲ ನವನಗರದಲ್ಲಿ ಕುಳಿತೇ ನಡೆಸಬಹುದು, ನಿಲ್ಲಿಸಬಹುದು. ಅಲ್ಲಿ ಗೋಡೆಯ ತುಂಬ ಒಂದು ಪರದೆ, ಪರದೆಯ ತುಂಬ ಊರಿಗೊಂದು ಚೌಕ. ಎಲ್ಲ ಸರಿ ಇದ್ದರೆ ಹಸಿರು, ಯಾರಾದರೂ ತಡೆದು ಇಟ್ಟಿದ್ದರೆ ಹಳದಿ, ಸಂಪರ್ಕ ಕಡಿದರೆ ಕೆಂಪು. ಹಳದಿ ಮತ್ತು ಕೆಂಪು ಇದ್ದಷ್ಟು ಹೊತ್ತೂ ಕಂಪನಿಗೆ ದಂಡ.

ನಮ್ಮ ಮ್ಯಾನೇಜರ್ ವಿನಾಯಕ ಸರ್ ಆ ಗೋಡೆಗೆ ಎದುರಾಗಿ ಕುಳಿತೇ ಊಟ ಮಾಡುತ್ತಿದ್ದರು. ರೊಟ್ಟಿ ಮುರಿಯುತ್ತಲೇ ಯಾವ ಚೌಕದ ಬಣ್ಣ ಬದಲಾಯಿತು ಎಂದು ಕಣ್ಣಾಡಿಸುತ್ತಿದ್ದರು. "ಶ್ವೇತಾ, ಹೊಲಾ ಹಸಿರಿದ್ರ ರೈತಗ ಹೆಂಗ ಖುಷಿ ಆಗತೈತೋ, ಹಂಗ ನನಗ ಇದು" ಎಂದು ನಗುತ್ತಿದ್ದರು. ಮೊದಲೆರಡು ವಾರ ನಾನೂ ನಕ್ಕೆ.

ಆ ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಲ್ಲಿನಷ್ಟು ಭಾರ. ಬಸ್ಸಿನಿಂದ ಇಳಿದು, ಮೋಡೆಮ್ಮಿನ ಡಬ್ಬವನ್ನು ರೇನ್‌ಕೋಟಿನೊಳಗೆ ಎದೆಗೆ ಅವಚಿಕೊಂಡು ಟಾಕಿಯವರೆಗೆ ನಡೆಯಬೇಕಿತ್ತು. ಉಕ್ಕಿನ ಪೆಟ್ಟಿಗೆಯೊಳಗೆ ಮೋಡೆಮ್ಮಿಗೆ ಸಿಗ್ನಲ್ ಸಿಗದು. ಆಂಟೆನಾ ಹಿಡಿದು ಟಾಕಿಯ ಮೆಟ್ಟಿಲು ಹತ್ತುತ್ತ, ಇಲ್ಲಿ ಸಿಕ್ಕಿತು, ಇಲ್ಲಿ ಹೋಯಿತು ಎಂದು ಕೂಗುವುದು. ಕೆಳಗೆ ನಿಂತ ಊರ ಮಂದಿ ಅದನ್ನು ಬಯಲಾಟದ ಹಾಗೆ ನೋಡುತ್ತಿದ್ದರು.

ಹೆಬ್ಬಳ್ಳಿ ದಾಟಿ ಇನ್ನೂ ಒಳಗಿರುವ ಒಂದು ಊರಿನಲ್ಲಿ ಹಾಗೆ ನೋಡುತ್ತ ನಿಂತವರಲ್ಲಿ ರಾಜೇಸಾಬ್ ಕಾಕಾ ಇದ್ದರು. ಅವರು ಆ ಊರಿನ ನೀರು ಬಿಡುವವರು. ಅವರ ತಂದೆಯೂ ಅದೇ ಕೆಲಸ ಮಾಡಿದವರು. ಕಾಕಾಗೆ ದೊಡ್ಡ ದನಿ, ಬಣ್ಣ ಹಚ್ಚಿದ ಮೀಸೆ, ಫೋನಿನ ಹುಚ್ಚು. ಪೆಟ್ಟಿಗೆ ಕೂರಿಸಿದ ದಿನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸಿದರು.

"ಇನ್ನ ನಾ ಮನ್ಯಾಗ ಮಲಕೊಂಡ ನೀರ ಬಿಡಬಹುದಲ್ರಿ ಅಕ್ಕಾರ?"

"ನೀವಲ್ಲ ಕಾಕಾ, ನವನಗರದವರು ಬಿಡತಾರ."

"ಅವರೂ ಮಲಕೊಂಡ ಬಿಡತಾರೇನು?" ಎಂದು ಕೇಳಿ, ತಮ್ಮ ಮಾತಿಗೆ ತಾವೇ ಗಹಗಹಿಸಿದ್ದರು.

ಸೆನ್ಸರ್ ಕೂರಿಸಲು ನಾನು ಟಾಕಿಯ ಮೇಲಿನ ಮುಚ್ಚಳ ಎತ್ತಿದೆ. ಆ ಮುಚ್ಚಳದ ಒಂದು ಮೂಲೆ ತುಕ್ಕು ತಿಂದು ಹೋಗಿತ್ತು. ಟಾರ್ಚ್ ಬಿಟ್ಟಾಗ ಕಂಡದ್ದನ್ನು ಹೇಳಿಬಿಡುತ್ತೇನೆ. ನೀರಿನ ಮೇಲೆ ಪಾರಿವಾಳದ ಪುಕ್ಕ. ಮೂಲೆಯಲ್ಲಿ ಒಂದು ಉಬ್ಬಿದ ಹಕ್ಕಿ, ಅದರ ಪಕ್ಕಕ್ಕೆ ಇನ್ನೊಂದರ ಬರೀ ಎಲುಬು. ಗೋಡೆಗೆ ಗಡಸು ನೀರಿನ ಸುಣ್ಣ ಹೆಪ್ಪುಗಟ್ಟಿ, ಅದರ ಮೇಲೆ ಹಸಿರು ಲೋಳೆ. ಆ ಹೊತ್ತಿಗೆ ಕೆಳಗೆ ನಳದಲ್ಲಿ ಒಬ್ಬ ಹೆಂಗಸು ಕೂಸಿಗೆ ನೀರು ಕುಡಿಸುತ್ತಿದ್ದಳು. ನಾನು ಅಲ್ಲಿಂದಲೇ ನವನಗರಕ್ಕೆ ಫೋನ್ ಹಚ್ಚಿದೆ.

"ಸರ್, ಒಳಗ ಪಾರಿವಾಳ ಸತ್ತಾವ್ರಿ."

"ಸೆನ್ಸರ್ ಏನ ಹೇಳತೈತಿ?"

"ಅದು ನೀರಿನ ಮಟ್ಟ ಅಷ್ಟ ಹೇಳತೈತ್ರಿ."

"ಹಂಗಾರ ನೀವೂ ಮಟ್ಟ ಅಷ್ಟ ನೋಡ್ರಿ. ಪಾರಿವಾಳ ನಮ್ಮ ಟೆಂಡರಿನ್ಯಾಗ ಇಲ್ಲ."

ಸಂಜೆ ಕಚೇರಿಗೆ ಹೋದಾಗ ಆ ಊರಿನ ಚೌಕ ಹಸಿರಾಗಿತ್ತು. ಅದರ ಕೆಳಗೆ 'ಉತ್ತಮ' ಎಂದು ಬರೆದಿತ್ತು. ಆ ದಿನ ಊಟ ಸೇರಲಿಲ್ಲ.

ಕಾಕಾಗೆ ಪಾರಿವಾಳದ ಸಂಗತಿ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಮುಂದಿನ ವಾರ ನಾಗರ ಪಂಚಮಿ ಐತ್ರಿ. ಊರ ಹೆಣ್ಣಮಕ್ಕಳು ಎಲ್ಲಾ ತವರಿಗೆ ಬರ್ತಾರ. ನಿಮ್ಮೂರ ನೀರ ವಾಸನಿ ಅಂತ ಗಂಡನ ಮನ್ಯಾಗ ಹೋಗಿ ಅಂದ್ರ, ಮರ್ಯಾದಿ ಯಾರ್ದು ಹೋಗತೈತಿ? ನಂದು. ಪಂಚಮಿಗಿಂತ ಮೊದಲ ತೊಳದ ಬಿಡತೇನಿ." ಅವರ ತಂದೆಯ ಕಾಲದಿಂದಲೂ ಟಾಕಿ ತೊಳೆಯುವುದು ಪಂಚಮಿಗೇ. ಹಬ್ಬದ ಉಂಡಿ ಕಟ್ಟುವ ಮೊದಲು ಟಾಕಿ ತೊಳೆದಿರಬೇಕು.

ಅದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಟಾಕಿಯೊಳಗೆ ಇಳಿಯುವವನು ಮೊದಲು ಪಂಪಿನ ಫ್ಯೂಸ್ ಕಿತ್ತು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಇನ್ನೊಬ್ಬರ ಕೈಯಲ್ಲಿ ಕೊಡುವಂತಿಲ್ಲ, ಹೆಂಡತಿಯ ಕೈಯಲ್ಲೂ ಇಲ್ಲ. ಅದಕ್ಕಾಗಿಯೇ ಕಾಕಾನ ಹೆಂಡತಿ ಮುಮ್ತಾಜ್ ಚಾಚಿ ಅವರ ಬನಿಯನ್ನಿಗೆ ಎದೆಯ ಮೇಲೊಂದು ಕಿಸೆ ಹೊಲಿದುಕೊಟ್ಟಿದ್ದರು. ಬನಿಯನ್ನಿಗೆ ಕಿಸೆ ಇರುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಳೆಯುವ ದಿನ ಬೆಳಿಗ್ಗೆ ಟಾಕಿಯ ನೀರೆಲ್ಲ ಹೊರಗೆ ಬಿಟ್ಟಾಗಿತ್ತು. ಕಾಕಾ ಪಂಪಿನ ಕೋಣೆಯ ಬಾಗಿಲಲ್ಲಿ ನಿಂತು ಕೈ ಚಾಚಿದರು. "ಫ್ಯೂಜ್ ಕೊಡ್ರಿ ಅಕ್ಕಾರ." ಫ್ಯೂಸು ಈಗ ಪೆಟ್ಟಿಗೆಯೊಳಗಿತ್ತು, ಪೆಟ್ಟಿಗೆಗೆ ಕಂಪನಿಯ ಸೀಲು ಇತ್ತು. ಕೇಳದೆ ಸೀಲು ಒಡೆಯುವಂತಿಲ್ಲ. ನಾನು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

ವಿನಾಯಕ ಸರ್ ಹೇಳಿದರು: "ಫ್ಯೂಜ್ ತಗದ್ರ ಕೆಂಪಾಗತೈತ್ರಿ. ಇವತ್ತ ಇಲಾಖೆ ಸಾಹೇಬ್ರು ನಮ್ಮ ಆಫೀಸ್ ನೋಡಾಕ ಬರಾವ್ರು ಅದಾರ. ನಾ ಇಲ್ಲಿಂದ ತಡದ ಇಡತೇನಿ, ಪಂಪ್ ಹತ್ತೂದಿಲ್ಲ. ರಾಜೇಸಾಬರ, ನನ್ನ ಮ್ಯಾಲೆ ಭರೋಸಾ ಇಲ್ಲೇನು?"

ಅಷ್ಟು ದೊಡ್ಡವರು ತಮ್ಮ ಹೆಸರು ಹಿಡಿದು ಕರೆದದ್ದು ಕಾಕಾಗೆ ಸಾಕಾಯಿತು. ಮೀಸೆ ಅರಳಿತು. "ಅಯ್ಯ, ಸಾಹೇಬ್ರು ಮಾತ ಕೊಟ್ಟ ಮ್ಯಾಲೆ ಫ್ಯೂಜ್ ಯಾಕ್ರಿ?" ಎಂದು ಖಾಲಿ ಕಿಸೆಯನ್ನು ತಟ್ಟಿಕೊಂಡು ನಡೆದರು. ಮೇಲೆ ಮುಚ್ಚಳದ ಹತ್ತಿರ ಹಗ್ಗ ಹಿಡಿದು ಬಕೀಟು ಎಳೆಯಲು ಈರಣ್ಣ ಇದ್ದ. ಹೊಲದ ಕೆಲಸದವನು, ಕಾಕಾನ ಜೊತೆಗಾರ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದರು. ಸುಣ್ಣದ ಹೆಪ್ಪು ಕರಗಿಸಲೆಂದು ಕಾಕಾ ಸಂಡಾಸ ತೊಳೆಯುವ ಆ್ಯಸಿಡ್ಡಿನ ಬಾಟಲಿಗಳನ್ನು ಬಕೀಟಿನಲ್ಲಿ ಇಟ್ಟುಕೊಂಡಿದ್ದು ನನಗೆ ಗೊತ್ತಿರಲಿಲ್ಲ.

ನಾನು ಕೆಳಗೆ ಆಂಟೆನಾ ತಿರುಗಿಸುತ್ತಿದ್ದೆ. ಸಿಗ್ನಲ್ ಎಷ್ಟು ಬಂತು ಎಂದು ಹೇಳಲು ವಿನಾಯಕ ಸರ್ ಫೋನ್ ಕಡಿಯದೆ ಇಟ್ಟಿದ್ದರು. ನನ್ನ ಫೋನು ಪೆಟ್ಟಿಗೆಯ ಮೇಲಿತ್ತು. ಅದರೊಳಗಿಂದ ಕುರ್ಚಿ ಸರಿಸುವ ಸದ್ದು ಕೇಳಿತು, ಬಹಳ ಮಂದಿಯ ಬೂಟಿನ ಸದ್ದು ಕೇಳಿತು. ಯಾರೋ, "ಎಲ್ಲಾ ಹಸಿರ ಐತಿ, ಅದೊಂದ ಯಾಕ ಹಳದಿ?" ಎಂದರು. ವಿನಾಯಕ ಸರ್ ದನಿ: "ಏನಿಲ್ರಿ ಸರ್, ಈಗ ಆಗತೈತ್ರಿ."

ಆಮೇಲೆ ಟಕ್.

ಟಾಕಿ ಖಾಲಿ ಇದೆ ಎಂದು ಸೆನ್ಸರ್ ಹೇಳುತ್ತಲೇ ಇತ್ತು. ತಡೆ ತೆಗೆದ ಕೂಡಲೇ ಯಂತ್ರ ತನ್ನ ಕೆಲಸ ಶುರುಮಾಡಿತು. ಔಷಧಿಯ ಸಣ್ಣ ಪಂಪು ಗುಂಯ್ ಎಂದಿತು. ನಾನು ಪೆಟ್ಟಿಗೆಯ ಮೇಲಿನ ಕೆಂಪು ಗುಂಡಿ ಒತ್ತಿದೆ. ನಿಂತಿತು. ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಮತ್ತೆ ಟಕ್. ಹಳ್ಳಿಯವರು ಕೈಯಾಡಿಸಬಾರದೆಂದು, ಇಲ್ಲಿನ ಗುಂಡಿಗಿಂತ ನವನಗರದ ಮಾತೇ ಮೇಲೆ ಎಂದು ಹೊಂದಿಸಿದ್ದರು. ಒತ್ತಿದೆ, ಟಕ್. ಒತ್ತಿದೆ, ಟಕ್. "ಸರ್, ಒಳಗ ಮನುಷ್ಯಾ ಅದಾರ!" ಎಂದು ಫೋನಿಗೆ ಕೂಗಿದೆ. ಫೋನಿನಿಂದ, ದೂರದಿಂದ, ಬಹಳ ಸಮಾಧಾನದ ದನಿಯಲ್ಲಿ ವಿನಾಯಕ ಸರ್ ಯಾರಿಗೋ ಹೇಳುತ್ತಿದ್ದರು: "ಚಹಾ ತರಸ್ರಿ."

ಮೂಲೆಯಲ್ಲಿದ್ದ, ಪೈಪು ತಿರುಗಿಸುವ ಪಾನಾ ಎತ್ತಿ ಸೀಲಿಗೆ ಹೊಡೆದೆ. ಎಷ್ಟು ಹೊಡೆದೆನೋ. ಪೆಟ್ಟಿಗೆಯ ಬಾಗಿಲು ತೆರೆದು ಫ್ಯೂಸ್ ಕಿತ್ತಾಗ ಕಿಡಿ ಹಾರಿ ಬೆರಳು ಸುಟ್ಟಿತು. ಆ ಕಲೆ ಈಗಲೂ ಇದೆ. ಸದ್ದೆಲ್ಲ ನಿಂತ ಮೇಲೆ ಮೇಲಿನಿಂದ ಈರಣ್ಣನ ಕೂಗು ಕೇಳಿಸಿತು.

ಮೆಟ್ಟಿಲು ಹತ್ತುವಾಗಲೇ ಗಂಟಲು ಕಡಿಯಿತು. ಆ್ಯಸಿಡ್ಡಿನ ಮೇಲೆ ಔಷಧಿ ಸುರಿದು ಟಾಕಿಯ ತಳದಲ್ಲಿ ಹಳದಿ ಹಸಿರಿನ ಹೊಗೆ ಎದ್ದಿತ್ತು. ಪರದೆಯ ಹಸಿರಿಗಿಂತ ಸ್ವಲ್ಪ ಕೊಳಕು ಬಣ್ಣ. ಕಾಕಾ ಏಣಿಯ ಅರ್ಧದವರೆಗೆ ಬಂದು, ಮುಂದಿನ ಕಂಬಿ ಹಿಡಿಯಲಾರದೆ ತೂಗಾಡುತ್ತಿದ್ದರು. ಈರಣ್ಣ ಮಳೆಯಲ್ಲಿ ತೊಯ್ದ ಟವೆಲನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಇಳಿದು ಅವರ ಬನಿಯನ್ನಿಗೆ ಕೈ ಹಾಕಿದ. ಹಿಡಿತಕ್ಕೆ ಸಿಕ್ಕಿದ್ದು ಆ ಕಿಸೆ. ಅದು ಪರ್ ಎಂದು ಹರಿಯಿತು. ಈರಣ್ಣ ತೋಳು ಹಿಡಿದ, ನಾನು ಮೇಲಿನಿಂದ ಅವರ ಬಗಲಿಗೆ ಹಗ್ಗ ಸಿಗಿಸಿ ಎಳೆದೆ. ಟಾಕಿಯ ತಲೆಯ ಮೇಲೆ ಹಿಡಿದುಕೊಳ್ಳಲು ಕಟಾಂಜನ ಇಲ್ಲ, ಮಳೆಗೆ ಪಾಚಿ ಜಾರುತ್ತಿತ್ತು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡೆವು. ಕಾಕಾ ಕೆಮ್ಮಿ ಕೆಮ್ಮಿ ನೊರೆ ಕಾರಿದರು. ಅದು ನನ್ನ ಮಡಿಲಿಗೆ ಬಿತ್ತು. ಅದು ನನಗೆ ಹೇಸಿಗೆ ಎನಿಸಲಿಲ್ಲ. ಆ ದಿನ ಹೇಸಿಗೆ ಎನಿಸದ ವಸ್ತು ಅದೊಂದೇ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಕಾ ಪಂಚಮಿ ಕಳೆಯುವವರೆಗೂ ಆಮ್ಲಜನಕದ ಮುಖವಾಡ ಹಾಕಿಕೊಂಡೇ ಮಲಗಿದ್ದರು. ವಿನಾಯಕ ಸರ್ ಬಾಳೆಹಣ್ಣಿನ ಗೊನೆಯ ತುಂಡು ಹಿಡಿದು ಬಂದರು. ಅದನ್ನು ಕಾಕಾನ ಹೊಟ್ಟೆಯ ಮೇಲೆ ಇಟ್ಟು, "ಕಾಕಾ, ಸ್ವಲ್ಪ ಇಲ್ಲೆ ನೋಡ್ರಿ" ಎಂದು ಫೋಟೋ ತೆಗೆದರು. ಕಂಪನಿಯ ಗುಂಪಿಗೆ ಹಾಕಬೇಕಂತೆ. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ಮೆಲ್ಲಗೆ ಹೇಳಿದರು.

"ನೋಡವಾ, ಆ್ಯಸಿಡ್ ತಂದವರು ಅವರು. ಪಂಪ್ ಶುರು ಆಗಿದ್ದು ಅಲ್ಲಿನ ಗುಂಡಿಯಿಂದ ಅಂತ ಆತು. ಈರಣ್ಣನೋ ಯಾರೋ ಒತ್ತಿರಬೇಕು. ನೀ ಸುಮ್ಮ ಇದ್ರ ಮುಗೀತು."

"ನೀವ ತಡಿ ತಗದ್ರಿ ಸರ್. ನಾ ಕೇಳೇನಿ."

"ಹೆದರಿದಾಗ ಮನುಷ್ಯಾಗ ಏನೇನೋ ಕೇಳತೈತಿ." ಹೀಗೆಂದು ಅವರು ಕೈ ಒರೆಸಿಕೊಂಡರು. ಆಗಷ್ಟೇ ಯಾರೋ ನೆಲ ಒರೆಸಿದ್ದರು, ವರಾಂಡವೆಲ್ಲ ಆ ಔಷಧಿಯ ವಾಸನೆ. ನಾನು ಹೊರಗೆ ಓಡಿ ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಮುಮ್ತಾಜ್ ಚಾಚಿ ಬಂದು ನನ್ನ ಬೆನ್ನು ಸವರಿದರು. ನೀರು ಕೊಟ್ಟರು. ಆಮೇಲೆ ಒಂದೇ ಮಾತು ಕೇಳಿದರು: "ಕಿಸೇ ಯಾಕ ಖಾಲಿ ಇತ್ರಿ ಅಕ್ಕಾರ?"

ಅಂದಿನಿಂದ ನನಗೆ ನಿದ್ದೆಯೇ ಇಲ್ಲವಾಯಿತು. ಕಣ್ಣು ಮುಚ್ಚಿದರೆ ಟಕ್. ನಮ್ಮ ಮನೆಯ ಫ್ರಿಜ್ಜು ಶುರುವಾಗುವಾಗ ಸರಿಯಾಗಿ ಅದೇ ಸದ್ದು ಮಾಡುತ್ತದೆ ಎಂಬುದು ನನಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಮತ್ತೆ ಮತ್ತೆ ಎದ್ದು ಕೂರುವ ನನ್ನನ್ನು ನೋಡಿ ಅವ್ವ ಮಲಗುವ ಮೊದಲು ಫ್ರಿಜ್ಜಿನ ಪ್ಲಗ್ ಕಿತ್ತಿಡತೊಡಗಿದಳು. ಹಾಲು ಒಡೆಯುತ್ತಿತ್ತು, ಅವ್ವ ಏನೂ ಅನ್ನುತ್ತಿರಲಿಲ್ಲ.

ಕಾಕಾ ಮನೆಗೆ ಬಂದ ಮೇಲೆ ಪಂಚಾಯ್ತಿಯಲ್ಲಿ ಸಭೆ ಕರೆದರು. ತಪ್ಪು ಕಾಕಾನದು ಎಂದಾದರೆ ಅವರ ಕೆಲಸ ಹೋಗುತ್ತಿತ್ತು, ಔಷಧೋಪಚಾರವೂ ಅವರ ತಲೆಯ ಮೇಲೆಯೇ ಬೀಳುತ್ತಿತ್ತು. ವಿನಾಯಕ ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕಂಪನಿಯ ಯಂತ್ರದಲ್ಲಿ ಆ ದಿನ ಎಲ್ಲವೂ ಸರಿ ಇತ್ತೆಂದು ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಆ ಚೌಕ ಆ ದಿನವಿಡೀ ಹಸಿರು. ಹಳದಿಯೂ ಇಲ್ಲ, ನಾನು ಫ್ಯೂಸ್ ಕಿತ್ತ ಕೆಂಪೂ ಇಲ್ಲ. ದೂರದಿಂದ ಪಂಪನ್ನಷ್ಟೇ ಅಲ್ಲ, ದಿನವನ್ನೂ ಬದಲಿಸಬಹುದು ಎಂದು ನನಗೆ ಅವತ್ತು ತಿಳಿಯಿತು.

ನಾನು ಎದ್ದು ನಿಂತು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಬೂಟಿನ ಸದ್ದು, "ಅದೊಂದ ಯಾಕ ಹಳದಿ" ಎಂಬ ಮಾತು, ಟಕ್, ಚಹಾ. ವಿನಾಯಕ ಸರ್ ಅಧ್ಯಕ್ಷೆ ನೀಲವ್ವನವರ ಕಡೆ ತಿರುಗಿ ಮರುಕದಿಂದ, "ಹುಡುಗಿ ಪಾಪ ಭಾಳ ಹೆದರ್ಯಾಳ್ರಿ" ಎಂದರು.

"ಹುಡುಗಿ ಹೆದರಿದ್ರ ಆ ದಿನಾನ ಊರ ಬಿಟ್ಟ ಓಡತಿದ್ಲು" ಎಂದರು ನೀಲವ್ವ. "ನೀವು ಟಾಕಿ ಹತ್ರ ಇದ್ರೇನು?"

"ನಾ ಇಲ್ಲಿ ಬರೂ ಜರೂರ ಇಲ್ರಿ. ಎಲ್ಲಾ ನವನಗರದಿಂದ ಕಾಣತೈತಿ."

ಸಭೆಯಲ್ಲಿ ಯಾರೋ ನಕ್ಕರು. ಆಗ ಗೋಡೆಗೆ ಒರಗಿ ಕುಳಿತಿದ್ದ ಕಾಕಾ ಕೈ ಎತ್ತಿದರು. ಆ ದೊಡ್ಡ ದನಿ ಹೋಗಿ ಒಣ ಎಲೆ ತುಳಿದ ಹಾಗಿನ ಸದ್ದು ಉಳಿದಿತ್ತು. ಮೀಸೆಯ ಬಣ್ಣ ಮಾಸಿ ಬುಡ ಬೆಳ್ಳಗಾಗಿತ್ತು.

"ಆ್ಯಸಿಡ್ ತಂದಿದ್ದು ನನ್ನ ತಪ್ಪರಿ. ಯಾರಿಗೂ ಹೇಳದ ತಂದೆ. ಫ್ಯೂಜ್ ಬಿಟ್ಟಿದ್ದೂ ನನ್ನ ತಪ್ಪ. ಸಾಹೇಬ್ರು ಹೆಸರ ಹಿಡದ ಕರದ್ರು, ಉಬ್ಬಿದೆ." ಕೆಮ್ಮು ಬಂತು, ಕಾದರು. "ನಂದು ನಾ ಹೇಳಿದೆ. ಈಗ ನೀವು ನಿಮ್ಮದು ಹೇಳ್ರಿ."

ಇಡೀ ಸಭೆ ವಿನಾಯಕ ಸರ್ ಕಡೆ ನೋಡಿತು. ಅವರು ಲ್ಯಾಪ್‌ಟಾಪ್ ಮುಚ್ಚಿ, "ತಾಂತ್ರಿಕ ದೋಷ" ಎಂದರು.

ಪಂಚಾಯ್ತಿ ಕಾಕಾನ ಕೈ ಬಿಡಲಿಲ್ಲ. ಟಾಕಿ ಹತ್ತಲಾರದ ಅವರಿಗೆ ಕೆಳಗಿನ ಕೆಲಸ ಇಟ್ಟರು, ಉಪಚಾರದ ಹೊಣೆಯನ್ನು ಕಂಪನಿಯ ಮೇಲೆ ಹಾಕಿದರು. ಮತ್ತು ನೀಲವ್ವ ಪಟ್ಟು ಹಿಡಿದರು: ಫ್ಯೂಸು ಪೆಟ್ಟಿಗೆಯ ಹೊರಗೆ ಇರಬೇಕು, ಸೀಲು ಇರಬಾರದು, ಅದನ್ನು ಕಿತ್ತ ಮೇಲೆ ನವನಗರದವರಿರಲಿ, ಯಾರು ಹೇಳಿದರೂ ಪಂಪು ತಿರುಗಬಾರದು. ಕಂಪನಿ ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ಅದನ್ನು ತನ್ನದೇ ಹೊಸ ಸುರಕ್ಷಾ ಸೌಲಭ್ಯ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಮುಖಪುಟಕ್ಕೆ ವಿನಾಯಕ ಸರ್ ನಗುವ ಫೋಟೋ ಹಾಕಿತು. ನಾನು ರಾಜೀನಾಮೆ ಬರೆದಿಟ್ಟಿದ್ದೆ. ಆ ಫ್ಯೂಸುಗಳನ್ನು ನನ್ನ ಪಾಲಿನ ಊರುಗಳಿಗೆಲ್ಲ ಕೂರಿಸಿದ ಮೇಲೆಯೇ ಕೊಟ್ಟೆ. ಕೊನೆಗೆ ಉಳಿಸಿಕೊಂಡಿದ್ದು ಕಾಕಾನ ಊರು.

ದಸರೆ ಮುಗಿದು ಜೋಳದ ಪೈರು ಮೊಣಕಾಲಿಗೆ ಬಂದಿತ್ತು. ಅವತ್ತು ಟಾಕಿಯನ್ನು ಮತ್ತೆ ತೊಳೆಯುವುದಿತ್ತು. ಈ ಸಲ ಬರೀ ನೀರು, ಬರೀ ಬ್ರಷ್ಷು. ಮುಚ್ಚಳವೂ ಹೊಸದು. ಇಳಿಯುವವನು ಈರಣ್ಣ. ಮುಮ್ತಾಜ್ ಚಾಚಿ ಅವನ ಬನಿಯನ್ನಿಗೂ ಕಿಸೆ ಹೊಲಿದು ತಂದಿದ್ದರು. ಅವನು ನಾಚಿಕೊಂಡು ಅಂಗಿಯ ಕಿಸೆಯೇ ಸಾಕೆಂದ. ಆಗಷ್ಟೇ ಕೂರಿಸಿದ ಹೊಸ ಫ್ಯೂಸನ್ನು ಕಿತ್ತು ನಾನೇ ಅದರಲ್ಲಿ ಹಾಕಿ ಗುಂಡಿ ಹಚ್ಚಿದೆ. ಕಾಕಾ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು, ಉಳಿದ ದನಿಯಲ್ಲೇ ಮೇಲಿನವನನ್ನು ಬೈಯುತ್ತಿದ್ದರು. ನವನಗರದಲ್ಲಿ ಚೌಕ ಕೆಂಪಾಗಿ ಕುಳಿತಿರಬೇಕು. ನನ್ನ ಫೋನ್ ಬಡಿದುಕೊಳ್ಳುತ್ತಲೇ ಇತ್ತು, ನಾನು ಎತ್ತಲಿಲ್ಲ. ಈರಣ್ಣ ಹೊರಗೆ ಬಂದು ಮೆಟ್ಟಿಲಿಳಿಯುವುದನ್ನು ನೋಡಿದ ಮೇಲೆ ಬಸ್ಸು ಹಿಡಿದೆ.

ಮರುದಿನ ಮನೆಯಲ್ಲಿ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಲಿತಿತ್ತು. ಫೋನಿನ ತುಂಬ ನವನಗರದ ಕರೆಗಳು. ಮತ್ತೆ ಬಡಿದುಕೊಂಡಿತು. ಈ ಸಲ ಕಾಕಾ.

"ಅಕ್ಕಾರ, ಎದ್ರೇನು? ನವನಗರದವರು ಮುಂಜಾನಿಂದ ಜೀವಾ ತಿನ್ನಾಕತ್ತಾರ. ಇನ್ನೂ ಕೆಂಪ ಐತಂತ. ಹೆಣ್ಣಮಕ್ಕಳು ಕೊಡ ತಗೊಂಡ ನನ್ನ ಬಾಗಲದಾಗ ನಿಂತ ಬೈಯಾಕತ್ತಾರ. ಪಂಪ್ ಹತ್ತವಲ್ಲದು."

"ಯಾಕ ಕಾಕಾ? ಏನಾತು?"

"ಏನಿಲ್ಲ. ಈರಣ್ಣ ನಿನ್ನೆ ಜಳಕಾ ಮಾಡಿ, ಅದ ಅಂಗಿ ಹಾಕ್ಕೊಂಡ ಬೀಗರ ಊರಿಗೆ ಹೋಗ್ಯಾನ. ಫ್ಯೂಜ್ ಅವನ ಕಿಸೇದಾಗ ಐತಿ!" ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ನಾನು ಫೋನು ಕಿವಿಗೆ ಒತ್ತಿಕೊಂಡು ಕಾದೆ. ನಿಂತಿತು. ಮತ್ತೆ ನಕ್ಕರು. "ಯಾರ ಏನ ಒತ್ತಿದ್ರೂ ತಿರಗವಲ್ಲದ ನೋಡ್ರಿ. ಛಲೋ ಹಚ್ಚೀರಿ."

ಅಡುಗೆಮನೆಗೆ ಹೋದೆ. ಅವ್ವ ಹಾಲು ಕಾಸುತ್ತಿದ್ದಳು. ಒಡೆದಿರಲಿಲ್ಲ.

"ರಾತ್ರಿ ಫ್ರಿಜ್ಜಿನ ಪ್ಲಗ್ ತಗೀಲಿಕ್ಕೆ ಮರತ ಬಿಟ್ಟೆ" ಎಂದಳು. "ನಡುವ ಎದ್ದ ನೋಡಿದೆ. ಅದು ಟಕ್ ಅಂತು. ನೀ ಮಗ್ಗಲಾನೂ ಬದಲಿಸಲಿಲ್ಲ."